ಯಾವ ಅಕ್ಷರ ಛಲೋ?

"ಎರಡಕ್ಕೂ ಜಾಗ ಇಲ್ರಿ. ಒಂದ ಇಟ್ರ ಇನ್ನೊಂದ ತಗೀಬೇಕು," ಎಂದ ಫಕೀರೇಶ, ಹಳದಿಗಟ್ಟಿದ ಕಂಪ್ಯೂಟರನ್ನು ತಟ್ಟುತ್ತ. ಕಮರಿಪೇಟೆಯ ಆ ಪುಟ್ಟ ಮುದ್ರಣಾಲಯಕ್ಕೆ ಅಕ್ಷರಜೋಡಣೆಯ ಹೊಸ ಸಾಫ್ಟ್‌ವೇರ್ ಮಾರಲು ಬಂದಿದ್ದ. ಹಳೆಯದನ್ನು ಫ್ಲಾಪಿಗೆ ಇಳಿಸಿಟ್ಟು, ತೋರಿಸಲೆಂದು ತನ್ನದನ್ನು ಹಾಕಿದ್ದ. ಹೊಸ ಕಂಪ್ಯೂಟರ್ ಕೊಳ್ಳುವುದು ಮಾಲೀಕ ಗುರುಬಸವನ ಕೈಮೀರಿದ ಮಾತು.

"ಕೆಲಸ ಮಾಡಾಕಿ ನೀನು. ನೀನ ಹೇಳು, ಅಕ್ಕಾ," ಎಂದ ಗುರುಬಸವ.

ಕಾವೇರಿ ಉತ್ತರವನ್ನು ಬೆಳಗಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. "ಹಳೇದ ಇರಲಿ ಬಸೂ. ಈ ಮಷಿನ್ನಿಗೂ ವಯಸ್ಸಾತು, ಯಾಕ ಭಾರ ಹೇರತಿ?"

"ಹಳೇದರಾಗ ಏನ ಕಾಣತೈತ್ರಿ ಅಕ್ಕಾರ? ಬರೇ ಸಂಕೇತ. ಅಕ್ಷರ ಹೆಂಗ ಬಂತು ಅನ್ನೂದು ಕಾಗದ ಹೊರಗ ಬಂದಮ್ಯಾಲ ಗೊತ್ತು. ಇದರಾಗ ಪತ್ರಿಕಿ ಇದ್ದಂಗ ಕಣ್ಣಮುಂದ ಕಾಣತೈತಿ!" ಎಂದ ಫಕೀರೇಶ.

ಅವಳ ಭಯವೂ ಅದೇ. ಆರು ತಿಂಗಳ ಹಿಂದೆ ಅಮ್ಮಿನಬಾವಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಸತ್ತೂರಿನ ಆಸ್ಪತ್ರೆಗೆ ಹೋಗಿದ್ದಳು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದಿದ್ದರು ಡಾಕ್ಟರು. ಅಲ್ಲಿಂದೀಚೆಗೆ ಮಂಜು ದಟ್ಟವಾಗುತ್ತಲೇ ಇತ್ತು. ತಮ್ಮ ಗುರುಬಸವನಿಗೆ ಹೇಳಿರಲಿಲ್ಲ, ಅವನಿಗೆ ತಿಳಿಯುವ ಪ್ರಸಂಗವೂ ಬಂದಿರಲಿಲ್ಲ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದಲೂ ಅಲ್ಲಿ ಒಬ್ಬರು ಓದುವುದು, ಇನ್ನೊಬ್ಬರು ಜೋಡಿಸುವುದು ರೂಢಿ. ತಮ್ಮ ಗಟ್ಟಿಯಾಗಿ ಓದುತ್ತಿದ್ದ, ಅಕ್ಕನ ಬೆರಳುಗಳು ಓಡುತ್ತಿದ್ದವು. ಅಚ್ಚಾದ ಮೇಲೆ ತಪ್ಪು ತಿದ್ದುವವನೂ ಅವನೇ. ಮನೆಯಿಂದ ಅಲ್ಲಿಯವರೆಗಿನ ದಾರಿ ಕಾಲಿಗೇ ಗೊತ್ತಿತ್ತು.

ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದವಳು ಅವಳು. ಅಲ್ಲಿ ಯಾರೂ ಒಂದು ಮಾತು ಅಂದವರಲ್ಲ. ಆದರೂ ಈ ಕುರ್ಚಿಯಲ್ಲಿ ಕೂತಾಗ ಮಾತ್ರ ತನ್ನ ಅನ್ನ ತಾನು ಉಣ್ಣುತ್ತಿದ್ದೇನೆ ಅನ್ನಿಸುತ್ತಿತ್ತು. ಕುರ್ಚಿ ಹೋದರೆ ಮುಂದೇನು ಎಂಬುದೇ ಅವಳ ಚಿಂತೆ.

ಫಕೀರೇಶ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. "ಶಿವಗಣಾರಾಧನೆ ಕಾರ್ಡಿನ ತಲೆಬರಹ ನಾಕ ನಮೂನಿ ಅಕ್ಷರದಾಗ ತೋರಸ್ತೇನಿ. ಯಾವುದು ಛಲೋ ಹೇಳ್ರಿ," ಎಂದು ಗುಂಡಿ ಒತ್ತಿದ.

ಕಾವೇರಿ ಮುಖ ಮುಂದೆ ತಂದಳು. ಕಿಟಕಿಯ ಬೆಳಕು ಪರದೆಯ ಗಾಜಿನ ಮೇಲೆ ಬಿದ್ದು ಬೆಳ್ಳಗೆ ಏನೋ ಇದ್ದಂತಿತ್ತು. ತಡ ಮಾಡಿದರೆ ಅನುಮಾನ ಬಂದೀತೆಂದು ಹೆದರಿ, "ಎರಡನೇದು ಛಲೋ ಐತಿ. ಅಕ್ಷರ ದುಂಡಗ ಬಂದಾವು," ಎಂದಳು.

ಫಕೀರೇಶ ಏನೋ ಹೇಳಲು ಬಾಯಿ ತೆರೆದ. ಗುರುಬಸವ ಅವನ ಮೊಣಕೈ ಹಿಡಿದು ಒತ್ತಿದ. ಭಾರ ತಾಳದೆ ಕಂಪ್ಯೂಟರ್ ನಿಂತುಹೋಗಿತ್ತು. ಪರದೆ ಪೂರಾ ಕಪ್ಪಾಗಿತ್ತು; ಒಂದಕ್ಷರವೂ ಮೂಡಿರಲಿಲ್ಲ.

"ಹೌದಕ್ಕಾ, ನನಗೂ ಎರಡನೇದ ಹಿಡಿಸ್ತು," ಎಂದ ಗುರುಬಸವ. "ಆದ್ರ ಮಷಿನ್ನಿಗೆ ವಯಸ್ಸಾತು ಅಂತ ನೀ ಹೇಳೂದ ಖರೇ. ಫಕೀರೇಶ, ನಮಗ ಹಳೇದ ಹಾಕಿಕೊಡಪಾ."

ಕಾವೇರಿಗೆ ಹೋದ ಜೀವ ಬಂದಂತಾಯಿತು. ಗೆದ್ದ ಖುಷಿಯಲ್ಲಿ ತಮ್ಮನ ಕಡೆಗೆ ತಿರುಗಿದಳು.

ಗುರುಬಸವನ ಕಣ್ಣುಗಳಿಂದ ನೀರು ಹರಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ. ಅಕ್ಕ ಅವನ ಮುಖವನ್ನೇ ನೋಡುತ್ತ ನಗುತ್ತಿದ್ದಳು.