ಎಡಗೆನ್ನೆಯ ಫೋಟೊ

ಬೆಳಗ್ಗೆ ಹನ್ನೊಂದೂವರೆ. ಚರ್ಮರೋಗ ವೈದ್ಯೆ ಫೋಟೊವನ್ನು ಹುಡುಗಿಯ ಎಡಗೆನ್ನೆಯ ಪಕ್ಕ ಹಿಡಿದು, ಎರಡನ್ನೂ ನೋಡಿ, ‘ಮೂರು ತಿಂಗಳಾದ್ರೂ ಏನೂ ಕಡಿಮೆ ಆಗಿಲ್ಲ’ ಎಂದರು.

ಫೋಟೊ ಚಿಕಿತ್ಸೆ ಶುರುವಾದ ದಿನದ್ದು. ಅದರಲ್ಲಿ ಕೆನ್ನೆಯ ಮೇಲೆ ನಾಲ್ಕು ಮೊಡವೆಗಳಿದ್ದವು. ಈಗಲೂ ಹೆಚ್ಚುಕಡಿಮೆ ಅಷ್ಟೇ. ಮೊದಲು ನೋಡಿದ್ದ ವೈದ್ಯೆ ಹೆರಿಗೆ ರಜೆಯಲ್ಲಿದ್ದರು. ಅವರ ಜಾಗಕ್ಕೆ ಬಂದವರಿಗೆ ಹಳೆಯ ಮುಖದ ಗುರುತು ಸಿಗುವುದು ಈ ಫೋಟೊದಲ್ಲಿ ಮಾತ್ರ. ತೆಗೆದವನು ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಹುಡುಗಿಯ ಅಪ್ಪ. ಆಸ್ಪತ್ರೆಯ ಎದುರಿಗೇ ಅವನ ಸ್ಟುಡಿಯೊ. ‘ಮನೆಯಲ್ಲೇ ಫೋಟೊಗ್ರಾಫರ್ ಇರುವಾಗ ನಮ್ಮ ಮೊಬೈಲ್ ಯಾಕೆ?’ ಎಂದು ಮೊದಲಿನ ವೈದ್ಯೆಯೇ ಆ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು.

‘ಜೆಲ್ ಸರಿಯಾಗಿ ಹಚ್ತಿದ್ದೀಯಾ?’

‘ದಿನಾ ರಾತ್ರಿ, ಬಟಾಣಿ ಕಾಳಿನಷ್ಟು. ಮೊದಮೊದಲು ಚರ್ಮ ಎಲ್ಲಾ ಸಿಪ್ಪೆ ಎದ್ದಿತ್ತು. ಆದ್ರೂ ಬಿಡ್ಲಿಲ್ಲ.’

‘ಊಟ, ತಿಂಡಿ?’

‘ಸಿಹಿ ಇಲ್ಲ, ಬಾಟಲಿ ಜ್ಯೂಸ್ ಇಲ್ಲ, ಬೇಕರಿ ಕಡೆ ತಲೆ ಹಾಕಿಲ್ಲ. ಗೆಳತಿ ಹುಟ್ಟುಹಬ್ಬಕ್ಕೆ ಕೇಕ್ ಹಂಚಿದ್ದೇ ನಾನು. ಬೆರಳೂ ನೆಕ್ಕಲಿಲ್ಲ ಡಾಕ್ಟ್ರೇ!’

‘ಬೇಜಾರು ಮಾಡ್ಕೋಬೇಡ. ಕೆಲವರಿಗೆ ಜೆಲ್ ಸಾಲೋದಿಲ್ಲ. ಮಾತ್ರೆ ಶುರು ಮಾಡೋಣ. ಸ್ವಲ್ಪ ಜೋರಾದದ್ದು, ಮೊದಲು ರಕ್ತ ಪರೀಕ್ಷೆ ಆಗ್ಬೇಕು.’ ವೈದ್ಯೆ ಚೀಟಿಯನ್ನು ಹತ್ತಿರಕ್ಕೆಳೆದುಕೊಂಡರು.

‘ಮಾತ್ರೇನೂ ಬೇಡ, ಜೆಲ್ಲೂ ಬೇಡ. ಅಪ್ಪ, ಏಳು. ಬೇಕರಿಗೆ ಹೋಗೋಣ. ಮೂರು ತಿಂಗಳದ್ದೂ ಒಟ್ಟಿಗೇ ತಿಂದುಬಿಡ್ತೀನಿ.’

ಅಪ್ಪ ಏಳಲಿಲ್ಲ. ಮೇಜಿನ ಮೇಲಿದ್ದ ಫೋಟೊವನ್ನೇ ನೋಡುತ್ತಿದ್ದ. ವೈದ್ಯೆ ಪೆನ್ನಿನ ಮುಚ್ಚಳ ತೆಗೆದಾಗ ಬಾಯಿಬಿಟ್ಟ.

‘ಬರೀಬೇಡಿ ಡಾಕ್ಟ್ರೇ. ಆ ಫೋಟೊ ಸರಿಯಿಲ್ಲ.’

‘ಯಾಕೆ, ಬೆಳಕು ಹೆಚ್ಚುಕಮ್ಮಿ ಆಗಿತ್ತಾ?’

‘ಬೆಳಕು ಸರಿಯಾಗೇ ಇತ್ತು. ನಾನು ತಿದ್ದಿದ್ದೆ. ಮೊಡವೆ ಅಳಿಸಿದ್ದೆ. ಪೂರ್ತಿ ಅಳಿಸಿದ್ರೆ ಗೊತ್ತಾಗುತ್ತೆ ಅಂತ ನಾಲ್ಕು ಬಿಟ್ಟಿದ್ದೆ.’

ವೈದ್ಯೆ ಅವನನ್ನೂ ಫೋಟೊವನ್ನೂ ಮತ್ತೊಮ್ಮೆ ನೋಡಿದರು. ‘ಅಲ್ಲ ಸ್ವಾಮಿ, ಕಸ ಗುಡಿಸೋರು ಬರೋ ಮುಂಚೆ ನೀವೇ ಗುಡಿಸಿಟ್ಟು, ಕಸ ಎಲ್ಲಿದೆ ನೋಡಿ ಅಂದ ಹಾಗಾಯ್ತಲ್ಲ! ತಿದ್ದದೇ ಇರೋದು ಇದೆಯಾ?’

‘ಇದೆ. ನಾನು ಯಾವುದನ್ನೂ ಬಿಸಾಡಲ್ಲ.’

‘ಕಳಿಸಿ. ಅಲ್ಲಿವರೆಗೆ ನಾನು ಏನೂ ಬರೆಯಲ್ಲ.’

ರಸ್ತೆ ದಾಟುವಾಗ ಮಗಳು ಎರಡು ಹೆಜ್ಜೆ ಮುಂದಿದ್ದಳು. ತಿರುಗದೆಯೇ ಕೇಳಿದಳು: ‘ನನ್ನ ಮುಖ ನಿಂಗೂ ನೋಡೋಕಾಗ್ತಿರ್ಲಿಲ್ವಾ?’

‘ಹಾಗಲ್ಲ ಪುಟ್ಟಿ. ಆಗ ನೀನು ಮನೇಲಿ ಕನ್ನಡಿಗೆ ಟವೆಲ್ ಹೊದಿಸಿದ್ದೆ. ಆ ಫೋಟೊ ನಿನ್ನ ಕಣ್ಣಿಗೆ ಬಿದ್ರೆ ಊಟಾನೂ ಬಿಡ್ತೀಯ ಅಂತ ಹೆದರಿಕೆ ಆಯ್ತು.’

ಟವೆಲ್ ಇನ್ನೂ ತೆಗೆದಿರಲಿಲ್ಲ. ಜೆಲ್ ಹಚ್ಚುವುದೂ ಬೆರಳಿನ ಅಂದಾಜಿನಲ್ಲೇ ನಡೆದಿತ್ತು. ಅಪ್ಪನಿಗಾದರೋ ದಿನವೂ ನೋಡುವ ಮುಖ. ಏರಿದ್ದೂ ಇಳಿದದ್ದೂ ತಿಳಿದಿರಲಿಲ್ಲ.

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಅವನು ಮೂಲ ಫೋಟೊ ತೆರೆದ. ಗಲ್ಲದಿಂದ ಕಿವಿಯವರೆಗೆ ಕೆಂಪಗೆ ಊದಿದ ಚರ್ಮ, ಒತ್ತೊತ್ತಾಗಿ ಕೀವುಗುಳ್ಳೆಗಳು. ಮಗಳು ಅಳುತ್ತಾಳೆ ಎಂದುಕೊಂಡು ಅಪ್ಪ ನೀರಿನ ಬಾಟಲಿ ಹತ್ತಿರ ಇಟ್ಟುಕೊಂಡ. ಅವಳು ಪರದೆಗೆ ಮುಖ ತಾಗುವಷ್ಟು ಬಗ್ಗಿ ನೋಡಿದಳು.

‘ಅಯ್ಯೋ ಅಪ್ಪ, ಇದು ಕೆನ್ನೆಯಾ, ಅಗೆದು ಬಿಟ್ಟುಹೋದ ರಸ್ತೆಯಾ?’

ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಗೋಡೆಗೆ ತೂಗುಹಾಕಿದ್ದ ಕನ್ನಡಿಯ ಮುಂದೆ ಹೋಗಿ ನಿಂತಳು. ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದಳು. ಕೆನ್ನೆಯನ್ನು ಒತ್ತಿ ನೋಡಿದಳು. ತುಂಬ ಹೊತ್ತಾದ ಮೇಲೆ, ‘ಕಡಿಮೆ ಆಗಿದೆ’ ಎಂದಳು. ಮತ್ತೆ, ಸ್ವಲ್ಪ ಗಟ್ಟಿಯಾಗಿ, ‘ತುಂಬಾ ಕಡಿಮೆ ಆಗಿದೆ ಅಪ್ಪ!’

ಮೂಲ ಫೋಟೊ ತಲುಪಿದ ಕೂಡಲೇ ವೈದ್ಯೆಯ ಫೋನ್ ಬಂತು. ‘ಮಾತ್ರೆ ಬೇಡ. ಜೆಲ್ ಚೆನ್ನಾಗೇ ಕೆಲಸ ಮಾಡಿದೆ, ಅದನ್ನೇ ಮುಂದುವರಿಸಲಿ. ಬಿಸಿಲಿಗೆ ಕ್ರೀಮ್ ಮರೀಬಾರದು. ಊಟದ ಪಥ್ಯಾನೂ ಇರಲಿ, ಆದ್ರೆ ಗೆಳತಿ ಹುಟ್ಟುಹಬ್ಬಕ್ಕೆ ಒಂದು ತುಂಡು ಕೇಕ್ ತಿಂದ್ರೆ ಏನೂ ಆಗಲ್ಲ ಅನ್ನಿ. ಹಾಂ, ಇವತ್ತಿಂದೂ ಒಂದು ಫೋಟೊ ಬೇಕು. ನಿಮ್ಮ ಕೈಚಳಕ ಇಲ್ಲದ್ದು.’

ಮಗಳು ಆಗಲೇ ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದಳು, ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿಕೊಂಡು.

ಅಪ್ಪ ಫೋಟೊ ತೆಗೆದ. ಕಂಪ್ಯೂಟರಿಗೆ ಹಾಕಿದ. ಮೌಸಿನ ಬಾಣ ತನ್ನಷ್ಟಕ್ಕೆ ಎಂಬಂತೆ ಮೂಗಿನ ಪಕ್ಕದ ಮೊಡವೆಯ ಮೇಲೆ ಹೋಗಿ ನಿಂತಿತು.

‘ಅಪ್ಪಾ.’

ಅವನು ಮೌಸ್ ಬಿಟ್ಟು ಎರಡೂ ಕೈ ಮೇಲೆತ್ತಿದ.

ಫೋಟೊ ಎರಡು ಪ್ರತಿ ಪ್ರಿಂಟ್ ಆಯಿತು. ಒಂದು ಆಸ್ಪತ್ರೆಗೆ ಹೋಯಿತು. ಇನ್ನೊಂದನ್ನು ಮಗಳು ಸ್ಟುಡಿಯೊದ ಮುಂದಿನ ಗಾಜಿನ ಕಪಾಟಿನಲ್ಲಿ, ಅಪ್ಪ ವರ್ಷಗಟ್ಟಲೆ ತಿದ್ದಿ ನುಣುಪು ಮಾಡಿದ ಮುಖಗಳ ನಡುವೆ ನಿಲ್ಲಿಸಿದಳು. ಮರುದಿನ ಅಂಗಡಿ ಬಾಗಿಲು ತೆರೆದ ಅಪ್ಪ ಗಾಜು ಒರೆಸಿದ. ಫೋಟೊವನ್ನು ಅಲ್ಲಿಂದ ಕದಲಿಸಲಿಲ್ಲ.