ಹಾಜಿಸಾಬರ ಸೋಲಿನ ಪಾಠ

"ಮತ್ತ ಗೆದ್ರಲ್ರಿ ಮಾಸ್ತರ!" ಹಾಜಿಸಾಬರು ಕೈಯಲ್ಲಿದ್ದ ಇಸ್ಪೀಟು ಎಲೆಗಳನ್ನು ಚಾಪೆಯ ಮೇಲೆ ಕುಕ್ಕಿದರು. "ಹಿಂಗ ಗೆದ್ಕೋತ ಹೋದ್ರ ಮಗಳ ಲಗ್ನ ಹೆಂಗ ಆಗ್ತದ?"

ಪಾಂಡುರಂಗ ಮಾಸ್ತರರು ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿದರು. ವಾಡಿಯಿಂದ ಚಿತ್ತಾಪುರದ ಹೈಸ್ಕೂಲಿಗೆ ದಿನವೂ ಪ್ಯಾಸೆಂಜರಿನಲ್ಲಿ ಹೋಗಿಬರುವ ಗಣಿತದ ಮಾಸ್ತರರು ಅವರು. ಆ ಗಾಡಿಯಲ್ಲಿ ಮೊಣಕಾಲ ಮೇಲೆ ಟವೆಲ್ ಹಾಸಿಕೊಂಡು ಆಡುವ ರಮ್ಮಿಯಲ್ಲಿ ಅವರನ್ನು ಸೋಲಿಸಿದ ಗಂಡಸು ಇನ್ನೂ ಟಿಕೆಟ್ ತೆಗೆಸಿರಲಿಲ್ಲ. ಈಗ ಆ ಕೀರ್ತಿಯೇ ಕೊರಳಿಗೆ ಸುತ್ತಿಕೊಂಡಿತ್ತು.

ಮಗಳು ಪ್ರಮಿತಾ ಸೇಡಂ ಕಾಲೇಜಿನ ಲೆಕ್ಚರರ್ ಅಭಯನನ್ನು ಒಪ್ಪಿದ್ದಳು. ಅಭಯನೂ ಒಪ್ಪಿದ್ದ. ಜಾತಕ ಕೂಡಿತ್ತು. "ಆದರ ಈ ಹುಡುಗನ್ನೇ ಆಗ್ತೀನಿ, ಇಲ್ಲಾಂದ್ರ ಲಗ್ನದ ಮಾತೇ ತೆಗೀಬ್ಯಾಡ ಅಪ್ಪಾ," ಎಂದಿದ್ದಳು. ಹೇಳಿದ ಮಾತನ್ನು ತಿರುಗಿಸುವ ಹುಡುಗಿ ಅವಳಲ್ಲ. ಆ ವಿಷಯದಲ್ಲಿ ಅಪ್ಪನನ್ನೇ ಹೋತಿದ್ದಳು.

ಅಡ್ಡ ಇದ್ದವರು ಹುಡುಗನ ತಂದೆ ವಿಠ್ಠಲರಾಯರು. ತಹಶೀಲ್ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಎರಡೇ, ಸಂಧ್ಯಾವಂದನೆ ಮತ್ತು ರಮ್ಮಿ. ಹೆಣ್ಣಿನ ತಂದೆಯನ್ನು ಒಂದು ಆಟಕ್ಕೆ ಕೂಡಿಸದೆ ಅವರು ಮಾತುಕತೆ ಮುಂದುವರಿಸುವುದಿಲ್ಲ. ಮೊದಲು ಬಂದ ಇಬ್ಬರು ಅವರನ್ನು ಸೋಲಿಸಿದರು. ಮರುದಿನವೇ ಎಸ್‌ಟಿಡಿ ಬೂತಿನಿಂದ ಫೋನು ಬಂತು, ಹುಡುಗಿ ಎತ್ತರ ಕಡಿಮೆ ಎಂದು. ಮೂರನೆಯವರು ಜಾಣತನ ಮಾಡಿ ಬೇಕೆಂದೇ ಸೋತರು. ರಾಯರು ಅವರ ಕೈಯೆಲೆ ಬಿಡಿಸಿ ನೋಡಿ, "ನನ್ನ ಏನು ಕೂಸು ಅಂತ ತಿಳಿದೀರೇನು?" ಎಂದು ಎದ್ದು ಹೋದರು. ಅಂದಿನಿಂದ ಹೆಂಡತಿ ಭಾಮಾಬಾಯಿ ಗಂಡನ ಸಂಗಡ ಮಾತು ಬಿಟ್ಟಿದ್ದಾರೆಂದು ಸೇಡಂನಿಂದ ಬಂದವರೆಲ್ಲ ಹೇಳುತ್ತಿದ್ದರು.

ಅಂದರೆ, ಸೋಲಬೇಕು. ಸೋತದ್ದು ಸೋತಂತೆಯೇ ಕಾಣಬೇಕು. ಮಾಸ್ತರರಿಗೆ ಬಾರದ ವಿದ್ಯೆ ಅದೊಂದೇ.

ಅದಕ್ಕೆಂದೇ ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರಿ ಹಾಜಿಸಾಬರ ಕಾಲು ಹಿಡಿದಿದ್ದರು. ಹಾಜಿಸಾಬರು ಇಂಜಿನಿಯರುಗಳಿಗೂ ಕಂತ್ರಾಟದಾರರಿಗೂ ರಮ್ಮಿಯಲ್ಲಿ ಸೋತು ಸೋತು ಎರಡಂತಸ್ತಿನ ಮನೆ ಕಟ್ಟಿದವರು. ಅವರು ಬೇಕೆಂದೇ ಸೋಲುತ್ತಾರೆ ಎಂದು ಒಬ್ಬ ಇಂಜಿನಿಯರಿಗೂ ಅನುಮಾನ ಬಂದಿರಲಿಲ್ಲ. ಒಮ್ಮೆ ಗಾಡಿಯಲ್ಲಿ ಅವರ ಆಟ ನೋಡಿದ ಮಾಸ್ತರರಿಗೆ ಮಾತ್ರ ಬಂದಿತ್ತು. ಲೆಕ್ಕದ ಪ್ರಕಾರ ಯಾವ ಮನುಷ್ಯನ ನಸೀಬೂ ಅಷ್ಟು ಕೆಟ್ಟಿರಲು ಸಾಧ್ಯವಿಲ್ಲ.

ಮೊದಲ ದಿನ ಮಾಸ್ತರರು ವಿಷಯ ಹೇಳಿದಾಗ ಹಾಜಿಸಾಬರು ಗಡ್ಡ ನೀವಿಕೊಂಡರು. "ಸೇಡಂದ ವಿಠ್ಠಲರಾಯರೇನ್ರಿ?" ಎಂದು ಕೇಳಿ, ಯಾಕೋ ಕಿಟಕಿಯಾಚೆ ನೋಡುತ್ತ ಕೆಮ್ಮಿದರು. "ಕಲಿಸ್ತೀನಿ. ಐತವಾರ ಬರ್ರಿ. ಗುರುವಾರ ಮಾತ್ರ ಬ್ಯಾಡ, ಬ್ಯಾರೆ ಗಿರಾಕಿ ಇರ್ತಾರ. ಫೀ ಗೀ ಏನೂ ಬ್ಯಾಡ್ರಿ, ಮನಿಗೆ ಫರಸಿ ನನ್ನ ಕಡಿಂದೇ ತಗೋರಿ."

ಮಾಸ್ತರರ ಅಂಗಳಕ್ಕೆ ಫರಸಿ ಬಂದು ಬಿತ್ತು. ಪಾಠ ಮಾತ್ರ ತಲೆಗೆ ಹತ್ತಲಿಲ್ಲ.

"ಜೋಕರ್ ಒಗೀಬ್ಯಾಡ್ರಿ. ಅದು ಕಳ್ಳ ಸೋಲು, ಯಾರಿಗರ ತಿಳೀತದ," ಎನ್ನುತ್ತಿದ್ದರು ಹಾಜಿಸಾಬರು. "ಬಿದ್ದು ಹೋಗಿರೋ ಎಲಿಗೇ ಕಾಯ್ಕೋತ ಕುಂದ್ರಬೇಕು. ನಾಳಿ ಕೈ ಬಿಡಿಸಿ ನೋಡಿದವ, ಪಾಪ, ಒಂದ ಎಲಿಗೆ ತಪ್ಪಿತಲ್ಲ, ಅನ್ನಬೇಕು."

ಮಾಸ್ತರರ ಕೈ ಕೇಳಬೇಕಲ್ಲ! ಅವರು ಬೇಡವೆಂದರೂ ಬೆರಳುಗಳು ತಾವೇ ಎಲೆ ಜೋಡಿಸಿಬಿಡುತ್ತಿದ್ದವು. ಗೆದ್ದ ಪ್ರತಿ ಸಲವೂ ಪ್ರಮಿತಾಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಕೊನೆಗೊಂದು ಐತವಾರ ಸತತವಾಗಿ ಸೋತರು. ಹಾಜಿಸಾಬರು ಕೈಯೆಲೆ ಬಿಡಿಸಿ ನೋಡಿ, "ವಾಹ್ ಮಾಸ್ತರ, ಈಗ ಹೋಗ್ರಿ," ಎಂದು ಬೆನ್ನು ತಟ್ಟಿದರು.

ಸೇಡಂನಲ್ಲಿ ವಿಠ್ಠಲರಾಯರು ಬಾಗಿಲಿಗೇ ಬಂದು ಕರೆದುಕೊಂಡರು. ಪಡಸಾಲೆಗೆ ಹೊಸದಾಗಿ ಫರಸಿ ಹಾಸಿತ್ತು, ಸಂದಿನ ಸಿಮೆಂಟಿನ ಬಣ್ಣ ಇನ್ನೂ ತಿರುಗಿರಲಿಲ್ಲ. ಭಾಮಾಬಾಯಿ ಅವಲಕ್ಕಿ ಇಟ್ಟು, "ತಗೋರಿ," ಎಂದು ಮಾಸ್ತರರಿಗೆ ಮಾತ್ರ ಹೇಳಿ ಒಳಗೆ ಹೋದರು. ಅಭಯ ಬಾಗಿಲ ಮರೆಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಬಂದವನ ಹಾಗೆ ನಿಂತಿದ್ದ.

"ಒಂದ ಕೈ ಆಡೋಣಲ್ರಿ?" ಎಂದರು ರಾಯರು.

ಎಲೆ ಹಂಚಿದರು. ಹಾಜಿಸಾಬರು ಹೇಳಿಕೊಟ್ಟಂತೆಯೇ ಮಾಸ್ತರರು ಆಡಿದರು. ಆಟಿನ್ ಎಂಟು ಆಗಲೇ ಬಿದ್ದು ಹೋಗಿತ್ತು. ಅದಕ್ಕೇ ಕಾಯುತ್ತ ಕುಳಿತರು. ರಾಯರು ಯಾವ ಗಳಿಗೆಯಲ್ಲಾದರೂ ಷೋ ಮಾಡಬೇಕಿತ್ತು. ಮಾಡಲಿಲ್ಲ. ಎಲೆ ಎತ್ತುವರು, ನಿಟ್ಟುಸಿರು ಬಿಡುವರು, ಇನ್ನೊಂದನ್ನು ಒಗೆಯುವರು. ಕಟ್ಟು ತೀರಿತು. ಬಿದ್ದ ಎಲೆಗಳನ್ನು ಕಲಸಿ ಮತ್ತೆ ಇಟ್ಟರು. ಅವಲಕ್ಕಿ ಮೆತ್ತಗಾಯಿತು.

ಇವರಿಗೆ ಗೊತ್ತಾಗಿದೆ, ಬೇಕೆಂದೇ ಸತಾಯಿಸುತ್ತಿದ್ದಾರೆ ಎಂದುಕೊಂಡರು ಮಾಸ್ತರರು. ಅಷ್ಟರಲ್ಲಿ, ಬರಬಾರದ ಆಟಿನ್ ಎಂಟು ಕಟ್ಟಿನಿಂದ ಎದ್ದು ನೇರ ಅವರ ಕೈಗೇ ಬಂತು. ಕೈ ತುಂಬಿತು. ಜನ್ಮದಲ್ಲಿ ಮೊದಲ ಸಲ ಒಳ್ಳೆಯ ಎಲೆ ನೋಡಿ ಅವರಿಗೆ ಅಳು ಬಂತು. ಪ್ರಮಿತಾಳನ್ನು ನೆನೆದು, ಮುಖದ ನರ ಅಲುಗಿಸದೆ, ಅದನ್ನು ಚಾಪೆಗೆ ಒಗೆದರು.

ರಾಯರು ಬಿದ್ದ ಎಂಟನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅದನ್ನು ಮುಟ್ಟಲಿಲ್ಲ. ಕಟ್ಟಿನಿಂದ ಬೇರೆಯದನ್ನು ಎತ್ತಿ, ಒಗೆದು, ಮತ್ತೆ ನಿಟ್ಟುಸಿರು ಬಿಟ್ಟರು.

ಕಟ್ಟು ಎರಡನೆಯ ಸಲ ತೀರಿತು. ರಾಯರು ತಮ್ಮ ಎಲೆಗಳನ್ನು ಬೋರಲು ಮಾಡಿ ಇಟ್ಟರು. ಅಡುಗೆಮನೆಯ ಕಡೆ ಒಮ್ಮೆ ಇಣುಕಿ, ಮಾಸ್ತರರ ಕಿವಿಯ ಹತ್ತಿರ ಬಗ್ಗಿದರು.

"ಬೀಗರ, ನೀವರ ಗೆದ್ದು ಪುಣ್ಯಾ ಕಟ್ಕೋರಿ, ಸೋಲೂದು ಕಲೀಲಿಕ್ಕಂತ ನಾನೂ ಶಹಾಬಾದಕ್ಕ ಅಡ್ಡಾಡಿ ಅಡ್ಡಾಡಿ ಸಾಕಾಗಿ ಹೋಗೇದ."