ಹುಳಿ ಮಜ್ಜಿಗೆ

“ಕಣ್ಣು ಮುಚ್ಚಿ, ಬೆರಳಿನಿಂದ ಮೂಗಿನ ತುದಿ ಮುಟ್ಟಿ ನೋಡೋಣ,” ಎಂದರು ಡಾಕ್ಟರು. ಒಂದು ಕಾಲಕ್ಕೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಕಾಳಪ್ಪನ ಬೆರಳು ನಡುಗುತ್ತ ಹೋಗಿ ಕೆನ್ನೆಗೆ ತಾಗಿತು.

“ಕುಡೀತೀರಾ?”

“ಜನ್ಮದಲ್ಲಿ ಮುಟ್ಟಿಲ್ಲ ಸಾರ್. ಕಾಲು ತೂರಾಡುತ್ತೆ, ನಾಲಿಗೆ ತೊದಲುತ್ತೆ. ವಠಾರದವರೆಲ್ಲ ಕುಡುಕ ಅಂತಾರೆ.”

ಡಾಕ್ಟರು ಸ್ಕ್ಯಾನಿನಲ್ಲಿ ತಲೆಯ ಹಿಂಭಾಗವನ್ನು ತೋರಿಸಿದರು. “ಇದು ಕಿರುಮೆದುಳು. ನಡಿಗೆ, ಮಾತು, ಕೈ ಎಲ್ಲ ಹಿಡಿತ ತಪ್ಪದ ಹಾಗೆ ನೋಡ್ಕೊಳ್ಳೋದು ಇದೇ. ನಿಮ್ಮದು ಸವೀತಾ ಇದೆ. ಕಾಯಿಲೆ ಇದು, ಚಟ ಅಲ್ಲ ಅಂತ ಎಲ್ಲರಿಗೂ ಧೈರ್ಯವಾಗಿ ಹೇಳಿ.”

ದಾರಿಯುದ್ದಕ್ಕೂ ಕಾಳಪ್ಪ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡ.

ಗೋಡೆ ಹಿಡಿದುಕೊಂಡು ವಠಾರದೊಳಗೆ ಬಂದರೆ, ಎಂದಿನಂತೆ ಅವನನ್ನು ಕಂಡವರೆಲ್ಲ ಬಾಗಿಲು ಹಾಕಿಕೊಂಡರು. ಎದುರುಮನೆಯ ಪುಟ್ಟತಾಯಮ್ಮ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು.

“ಇವತ್ತೂ ಏರಿಸ್ಕೊಂಡು ಬಂದ್ಯಾ? ಹೆಂಡ್ತಿ ಹೋದ್ಮೇಲೆ ಹೇಳೋರು ಕೇಳೋರು ಯಾರೂ ಇಲ್ಲ ಅಂದ್ಕೊಂಡ್ಯಾ?”

ಬೈಯುತ್ತಲೇ ರಟ್ಟೆ ಹಿಡಿದು ಜಗಲಿಯ ಮೇಲೆ ಕೂರಿಸಿದರು. ಅಮಲು ಇಳಿಯಲೆಂದು ದಿನವೂ ಕೊಡುವ ಹುಳಿ ಮಜ್ಜಿಗೆಯನ್ನು ತಂದು, ಲೋಟವನ್ನು ತಾವೇ ಅವನ ತುಟಿಗೆ ಹಿಡಿದರು. ಅವನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತು ಬೈದರು. ಮೀಸೆಗೆ ಹತ್ತಿದ್ದ ಮಜ್ಜಿಗೆಯನ್ನು ಸೆರಗಿನ ತುದಿಯಿಂದ ಒರೆಸಿದರು.

“ನಾಳೆಯಿಂದ ಮುಟ್ಟಲ್ಲ ಅಂತ ನನ್ನ ಮೇಲೆ ಆಣೆ ಮಾಡು.”

ಕಾಳಪ್ಪ ಖಾಲಿ ಲೋಟವನ್ನೇ ನೋಡುತ್ತ ಕೂತ.

“ಆಗಲ್ಲಕ್ಕಾ,” ಎಂದ. “ನಾಳೇನೂ ಕುಡ್ಕೊಂಡೇ ಬರ್ತೀನಿ.”